ಪೈಪಿನ ಮೇಲೆ ನಾಯಿಗಳಿಲ್ಲ

ಬಟ್ಟಲಿನ ಅಂಚಿನಲ್ಲಿ ಕುರಿಕೊಬ್ಬು ಬೆಳ್ಳಗಾಗುತ್ತಿದೆ, ನಲ್ಲಿಯ ತಣ್ಣೀರು ಬಿದ್ದಲ್ಲೆಲ್ಲ ಮೊದಲು ಮಬ್ಬು, ಆಮೇಲೆ ಮೇಣ, ಅಕ್ಮಾರಲ್ ಉಗುರಿನಿಂದ ಕೆರೆಯುತ್ತಾಳೆ, ಕ್ಯಾಂಟೀನಿನ ಹಿಂಬದಿಯಲ್ಲಿ ಅವಳೊಬ್ಬಳೇ, ಇವತ್ತೂ ಬಿಸಿನೀರಿಲ್ಲ — ಬಂದಿದ್ದರೆ ಇದೇ ಕೊಬ್ಬು ಸದ್ದಿಲ್ಲದೆ ಜಾರಿಹೋಗುತ್ತಿತ್ತು, ನಮ್ಮ ಎಣ್ಣೆಯೂ ಹೀಗೇ ಅಂತ ಅಪ್ಪ ಹೇಳಿದಾಗ ಅವಳಿಗೆ ಏಳು ವರ್ಷ, ನಲವತ್ತೊಂದನೇ ಎಣ್ಣೆಬಾವಿಯಿಂದ ಲೋಟದಲ್ಲಿ ಒಂದಿಷ್ಟು ತಂದಿದ್ದ, ಹೊರಟಾಗ ಕಪ್ಪು ಸಾರು, ಮನೆ ಮುಟ್ಟುವಷ್ಟರಲ್ಲಿ ಬೂಟಿನ ಪಾಲಿಶ್, ನೋಡು ಮಗಳೇ, ಚಳಿ ಹಿಡಿದ್ರೆ ಕಲ್ಲಾಗುತ್ತೆ, ಅದಕ್ಕೇ ನೆಲದೊಳಕ್ಕೆ ಬಿಸಿನೀರು ಕುಡಿಸ್ತೀವಿ, ಬೆಚ್ಚಗಿದ್ರೇನೇ ಅದು ಬಾವಿ ಕಡೆ ನಡೆಯೋದು.

ಕಿಂಡಿಯಾಚೆ ಇಬ್ಬರು ಇನ್ನೂ ಎದ್ದಿಲ್ಲ, ಅಕ್ತಾವ್ ನಗರದಿಂದ ಬಂದ ಎಂಜಿನಿಯರ್ ದರ್ಖಾನ್, ಅವನ ಎದುರು ಇಲ್ಲಿನ ಬಾವಿಗಳ ಮುಖ್ಯಸ್ಥ ಕೈರ್ಗೆಲ್ಡಿ, ನಡುವೆ ಕಂಪ್ಯೂಟರ್, ಅದರೊಳಗೆ ಅವರ ನೆಲವೆಲ್ಲ ಸಣ್ಣ ಚೌಕಗಳಾಗಿ ಕತ್ತರಿಸಿ ಕೂತಿದೆ, ಎಣ್ಣೆ ಕೆಂಪು, ನೀರು ನೀಲಿ, ಒಂದು ಬೆರಳು ಒತ್ತಿದರೆ ಹತ್ತು ವರ್ಷ ಸರಿಯುತ್ತದೆ — ನಲವತ್ತೊಂದರ ಸುತ್ತ ನೋಡಿ ಅಗಾ, ಬರೀ ನೀಲಿ, ಇದರ ಕಥೆ ಮುಗೀತು, ಅನ್ನುತ್ತಾನೆ ದರ್ಖಾನ್, ಹಿರಿಯರಿಗೆ ಇಲ್ಲಿ ಅಗಾ ಅನ್ನುವುದು, ಮುಗೀತಾ, ಅನ್ನುತ್ತಾನೆ ಕೈರ್ಗೆಲ್ಡಿ, ಒತೆಗೆನ್ ಹತ್ತೊಂಬತ್ತು ವರ್ಷ ಹೆಂಡ್ತೀಗಿಂತ ಹೆಚ್ಚಾಗಿ ಅದನ್ನೇ ನೋಡ್ಕೊಂಡಿದಾನಲ್ಲೋ, ಹಾಗಾದ್ರೆ ಅವನಿಗೆ ಇನ್ನೊಂದು ಮದುವೆ ಮಾಡ್ಸಿ ಅಗಾ, ಇಬ್ಬರೂ ನಗುತ್ತಾರೆ, ಒತೆಗೆನ್ ಅವಳ ಅಪ್ಪ, ನಿನ್ನೆ ಊಟದ ಮುಂದೆ ಕೂತು, ಎಲ್ಲಿ ಹೋಯ್ತೋ ಎಣ್ಣೆ ಅಂತ ಗೋಡೆಯನ್ನು ಕೇಳಿದ ಅಪ್ಪ, ಬಾವಿ ಮುಚ್ಚಿದರೆ ಅವನ ತಂಡ ದಿಕ್ಕುದಿಕ್ಕಿಗೆ — ಒಳಕ್ಕೆ ಬಿಡೋ ನೀರಿನ ಬಿಸಿ ಎಷ್ಟು ಹಾಕಿದೀಯಾ, ಕೈರ್ಗೆಲ್ಡಿ ಕೇಳುತ್ತಾನೆ, ಎಂಬತ್ತು ಡಿಗ್ರಿ, ಬಾಯ್ಲರ್ ಮನೆ ಕಾಗದದಲ್ಲಿ ಹಾಗೇ ಇದೆ, ಸರಿ, ಚಹಾ ಆಗ್ಲಿ, ಬಾವಿ ಮುಚ್ಚೋ ಕಾಗದಕ್ಕೆ ಸಹಿ ಹಾಕ್ತೀನಿ.

ಎಂಬತ್ತು. ಕೈ ನಿಲ್ಲುತ್ತದೆ. ಆ ನೀರು ಹೋಗುವ ಪೈಪಿನ ಬದಿಯಲ್ಲೇ ಅವಳು ದಿನಾ ನಡೆದು ಬರುವುದು, ಹೋದ ಚಳಿಗಾಲದಲ್ಲಿ ಅದರ ಮೇಲೆ ಐದು ನಾಯಿಗಳು ಹೊಟ್ಟೆ ಚಾಚಿ ಮಲಗಿರುತ್ತಿದ್ದವು, ಹಿಮ ಬಿದ್ದಲ್ಲೇ ಕರಗುತ್ತಿತ್ತು, ಈ ಸಲ ಸುತ್ತಿದ ಹೊದಿಕೆಯನ್ನು ಗಾಳಿ ಹರಿದೊಯ್ದಿದೆ, ಪೈಪಿನ ಮೇಲೆ ಗೇಣುದ್ದ ಹಿಮ, ನಾಯಿಗಳು ಬ್ರೆಡ್ಡಿನ ಅಂಗಡಿ ಗೋಡೆಗೆ ಹೋಗಿವೆ, ಪಾಪ ಅಂದುಕೊಂಡಿದ್ದಳು ಅಷ್ಟೇ, ನೀರು ದಾರಿಯಲ್ಲೇ ತಣ್ಣಗಾಗುತ್ತಿದೆ, ಎಣ್ಣೆ ಎಲ್ಲೂ ಹೋಗಿಲ್ಲ ಹಾಗಾದರೆ, ಕೆಳಗೆ, ಕತ್ತಲಲ್ಲಿ, ಈ ಬಟ್ಟಲಿನ ಕೊಬ್ಬಿನ ಹಾಗೆ — ಹೇಳಬೇಕು, ಕಿಂಡಿಯ ತನಕ ಹೋಗಿ ತಿರುಗುತ್ತಾಳೆ, ಎಂಟನೇ ತರಗತಿಯ ಬೋರ್ಡಿನ ಮುಂದೆ ನಿಂತಾಗ ಮೇಷ್ಟ್ರು ಕೇಳಿದ್ದರು, ನಾಲಿಗೆ ಮನೇಲಿ ಬಿಟ್ಟು ಬಂದ್ಯೇನೇ ಅಕ್ಮಾರಲ್, ಇಡೀ ತರಗತಿ ನಕ್ಕಿತ್ತು, ಮರುವರ್ಷ ಅವಳು ಹೋಗಲೇ ಇಲ್ಲ.

ಚಹಾ ಒಯ್ಯುತ್ತಾಳೆ, ಪಿಂಗಾಣಿ ಲೋಟದ ತಳದಲ್ಲಷ್ಟೇ ಸುರಿಯುತ್ತಾಳೆ, ಇಲ್ಲಿ ತುಂಬಿಸಿ ಕೊಟ್ಟರೆ ಹೊರಡಿ ಎಂದು, ಸ್ವಲ್ಪವೇ ಕೊಟ್ಟರೆ ಇನ್ನೂ ಕೂತಿರಿ ಎಂದು, ಎರಡನೇ ಸಲ, ಮೂರನೇ ಸಲ, ಏನು ತಂಗಿ, ನಮ್ಮನ್ನ ಇಲ್ಲೇ ಸಾಕ್ಕೋತೀಯಾ, ತುಂಬಿಸ್ಬಿಡು, ಎದ್ದು ಹೋಗ್ತೀವಿ, ಕೈರ್ಗೆಲ್ಡಿ ಪೆನ್ನು ತೆಗೆಯುತ್ತಾನೆ, ಅವಳು ಆ ತೊಳೆಯದ ಬಟ್ಟಲನ್ನು ತಂದು ಕಾಗದದ ಪಕ್ಕದಲ್ಲಿಡುತ್ತಾಳೆ, ಓರೆ ಮಾಡುತ್ತಾಳೆ, ಕೊಬ್ಬು ಅಲುಗುವುದಿಲ್ಲ, ಪರದೆಯಲ್ಲಿ ನೀಲಿ ಇನ್ನೊಂದು ಚೌಕ ದಾಟುತ್ತದೆ, ಪರದೆಯನ್ನೇ ನೋಡುತ್ತಿದ್ದಾರೆ ಇಬ್ಬರೂ, ಪಕ್ಕದಲ್ಲಿ ಬಿಳಿ, ಗಟ್ಟಿ, ಅಲುಗದ ಕೊಬ್ಬು — ಅಗಾ, ಅನ್ನುತ್ತಾಳೆ ಅಕ್ಮಾರಲ್, ಆ ಬಿಸಿನೀರಿನ ಪೈಪನ್ನ ಒಂದ್ಸಲ ಕೈಯಿಂದ ಮುಟ್ಟಿ ನೋಡಿ.