ರಾಜುವಿನ ಗುಂಡಿ

“ಹೆಣುಕ್ಕೆ ಹೆಸ್ರು ಕೇಳ್ತಾವ್ನಲ್ಲ ಈ ಬೋಳಿಮಗ. ಸೊಸೈಟೀಲಿ ಅಕ್ಕಿ ಕೊಡುಸ್ತೀಯೇನ್ಲಾ ಅವ್ನಿಗೆ?”

ಲೋಕೇಶ್ ಹೀಗೆ ಕೇಳಿದಾಗ ಅವನ ಕಾರಿನ ಸುತ್ತ ನಿಂತಿದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ. ಹೆಗಲ ಮೇಲಿನ ಹಾರೆಯನ್ನು ಕೆಳಗಿಳಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನೆಲದ ಮೇಲೆ ನಿಂತಿದ್ದ.

ಕೋಡಿಹಳ್ಳಿಯಿಂದಾಚೆಗೆ ಲೋಕೇಶನ ಕಲ್ಲು ಕ್ವಾರಿ. ಪರವಾನಗಿ ಮುಗಿದು ವರ್ಷವಾಗಿತ್ತು. ಸಿಡಿಮದ್ದು ಇಡುವುದು ನಿಂತಿರಲಿಲ್ಲ. ಅವತ್ತು ಬೆಳಿಗ್ಗೆ ಬಂಡೆ ಜಾರಿ ಕೂಲಿಯವನೊಬ್ಬ ಸತ್ತಿದ್ದ. ನೀಲಿ ಟಾರ್ಪಾಲಿನಲ್ಲಿ ಸುತ್ತಿ ಜಾಲಿಮರದ ಕೆಳಗೆ ಮಲಗಿಸಿದ್ದರು. ಪೊಲೀಸರ ಕಿವಿಗೆ ಬೀಳುವ ಮೊದಲು ಮಣ್ಣಾಗಬೇಕಿತ್ತು. ಅದಕ್ಕೆ ಅಪ್ಪನನ್ನು ಕರೆಸಿದ್ದರು. ಬಿಡದಿಯ ಫ್ಯಾಕ್ಟರಿಯಿಂದ ವಾರದ ರಜೆಗೆ ಬಂದಿದ್ದ ನಾನು ಅಪ್ಪನ ನೀರಿನ ಕ್ಯಾನು ಹಿಡಿದು ಹಿಂದೆ ಬಂದಿದ್ದೆ.

ಅಪ್ಪನ ಹೆಸರು ಕೆಂಚಯ್ಯ. ನಲವತ್ತು ವರ್ಷದಿಂದ ಸುತ್ತಿನ ಆರು ಊರುಗಳಿಗೆ ಗುಂಡಿ ತೋಡಿದ್ದು ಅವನೇ. ಹೇಗೆ ಸತ್ತರು ಎಂದು ಅವನು ಯಾರನ್ನೂ ಕೇಳಿದವನಲ್ಲ. ಅದು ತನ್ನ ಕೆಲಸವಲ್ಲ ಎನ್ನುತ್ತಿದ್ದ. ಅವನ ಕೆಲಸ ಹೆಸರಿನಿಂದ ಶುರುವಾಗುತ್ತಿತ್ತು. ಮೊದಲ ಏಟು ಹಾಕುವ ಮುಂಚೆ ಬರಿಗಾಲಲ್ಲಿ ನಿಂತು, ಇಂಥವರ ಮಗ ಇಂಥವನು ಬರುತ್ತಿದ್ದಾನೆ, ಜಾಗ ಕೊಡು ಎಂದು ಭೂಮಿಗೆ ಹೇಳಬೇಕು. ಹೇಳದೆ ಅಗೆದರೆ ಅದು ಬರೀ ಗುಂಡಿ, ಕಸ ಹಾಕುವುದಕ್ಕೂ ಆಗುತ್ತದೆ. ಲೋಕೇಶನ ಅಪ್ಪನ ಹೆಸರನ್ನೂ ಅವನು ಹಾಗೆಯೇ ಹೇಳಿದ್ದ. ಆ ದಿನ ಲೋಕೇಶ್ ಅದನ್ನು ಕೇಳಿ ಬಿಕ್ಕಿ ಬಿಕ್ಕಿ ಅತ್ತಿದ್ದ.

ಫ್ಯಾಕ್ಟರಿಯಲ್ಲಿ ನನ್ನನ್ನು ನಂಬರಿನಿಂದ ಕರೆಯುತ್ತಾರೆ. ಅದನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ.

ಅಪ್ಪ ಅಲ್ಲಾಡದ್ದನ್ನು ನೋಡಿ ಸೂಪರ್‌ವೈಸರ್ ಪ್ರಕಾಶ್ ಹತ್ತಿರ ಬಂದ. ಮೊಬೈಲು ತೆಗೆದು ಏನೋ ಹುಡುಕಿದಂತೆ ಮಾಡಿ, ರಾಜು ಅಂತ ಕಣಪ್ಪ, ಒಡಿಶಾದೋನು, ಅಪ್ಪನ ಹೆಸರು ಗೊತ್ತಿಲ್ಲ ಎಂದ. ಅಷ್ಟು ಸಾಕಾಯಿತು. ಅಪ್ಪ ಕಣ್ಣು ಮುಚ್ಚಿಕೊಂಡ.

“ಬೂಮ್ತಾಯಿ, ದೂರದೂರಿನ ಹೈದ, ರಾಜು ಅಂತ. ಬತ್ತಾವ್ನೆ. ಒಸಿ ಜಾಗ ಕೊಡವ್ವ.”

ಎರಡಡಿ ಕೆಳಗೆ ಗೊರಜುಕಲ್ಲು ಸಿಕ್ಕಿತು. ಹಾರೆಯ ಪ್ರತಿ ಏಟಿಗೂ ಕಿಡಿ ಹಾರುತ್ತಿತ್ತು. ಅಷ್ಟು ಸಾಕು ಎಂದು ಪ್ರಕಾಶ್ ಎರಡು ಸಲ ಹೇಳಿದ. ಎದೆಮಟ್ಟ ಆಗಬೇಕು, ಇಲ್ಲದಿದ್ದರೆ ನಾಯಿಗಳು ಕೆರೆಯುತ್ತವೆ ಎಂದು ಅಪ್ಪ ತಲೆಯೆತ್ತದೆ ಹೇಳಿದ. ಹನ್ನೆರಡು ದಾಟಿತು. ಅರವತ್ತೆರಡು ವರ್ಷದ ಬೆನ್ನು ಗುಂಡಿಯೊಳಗೆ ಏಳುತ್ತ ಬೀಳುತ್ತ ಇತ್ತು. ನಾನು ಕೊಟ್ಟ ನೀರಿನಲ್ಲಿ ಅವನು ಬಾಯಿ ಮುಕ್ಕಳಿಸಿ ಉಗಿದ. ಮಣ್ಣು ಮುಚ್ಚುವವರೆಗೆ ಏನನ್ನೂ ನುಂಗುತ್ತಿರಲಿಲ್ಲ.

ಕೂಲಿಯವರಿಗೆಲ್ಲ ತಗಡಿನ ಶೆಡ್ಡು ಬಿಟ್ಟು ಹೊರಗೆ ಬರಬೇಡಿ ಎಂದಿದ್ದರು. ಆದರೂ ನರೆತ ಕೂದಲಿನವನೊಬ್ಬ ಬಂದು ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತ. ಗುಂಡಿಯೊಳಗಿಂದ ಅವನನ್ನು ಕಂಡ ಅಪ್ಪ, ಸಮಾಧಾನಕ್ಕೆಂದು, ರಾಜು ನಿಮ್ಮೂರಿನವನಾ ಎಂದು ಕೇಳಿದ. ಅವನಿಗೆ ಅರ್ಥವಾಗಲಿಲ್ಲ. ಅಪ್ಪ ಟಾರ್ಪಾಲಿನ ಕಡೆ ಕೈ ತೋರಿಸಿ, ರಾಜು, ರಾಜು ಎಂದ.

“ರಾಜು ನೈ, ಕಾಕಾ,” ಅಂದ ಅವನು. “ಸುಕ್ರು. ಹಮಾರಾ ಸುಕ್ರು.”

ಅಪ್ಪ ನನ್ನ ಮುಖ ನೋಡಿದ. ಫ್ಯಾಕ್ಟರಿಯ ಹುಡುಗಿಯರಿಂದ ಕಲಿತ ಚೂರುಪಾರು ಹಿಂದಿಯಲ್ಲಿ ನಾನು ಮತ್ತೆ ಕೇಳಿದೆ. ಹೆಸರು ಸುಕ್ರು. ಊರು ಕೊರಾಪುಟ್ ಕಡೆಯ ಹಳ್ಳಿ. ತಂದೆ ಇಲ್ಲ. ತಾಯಿ ಜಮುನಾ. ತಾಯಿಗೆ ಇನ್ನೂ ಯಾರೂ ಹೇಳಿಲ್ಲ. ಕೂಲಿಯವರೆಲ್ಲರ ಫೋನುಗಳನ್ನು ಬೆಳಿಗ್ಗೆಯೇ ಕಿತ್ತುಕೊಂಡಿದ್ದಾರೆ.

ಅಪ್ಪ ಮೇಲೆ ಹತ್ತಿದ. ಆಮೇಲೆ ಸನಿಕೆ ತೆಗೆದುಕೊಂಡು, ಅಷ್ಟು ಹೊತ್ತು ಎತ್ತಿ ಹಾಕಿದ್ದ ಮಣ್ಣನ್ನು ಮತ್ತೆ ಗುಂಡಿಗೆ ತಳ್ಳತೊಡಗಿದ.

ಪ್ರಕಾಶ್ ಓಡಿಬಂದು ಕೈ ಹಿಡಿದ. ಹೆಸರು ಯಾವುದಾದರೇನು, ಗುಂಡಿ ಗುಂಡಿಯೇ ಅಲ್ಲವೇ ಎಂದ. ಅವನ ದನಿಯಲ್ಲಿ ಅಂಗಲಾಚುವಿಕೆಯೂ ಇತ್ತು.

“ರಾಜು ಅಂತ ಹೇಳ್ಬುಟ್ಟೆ ಕಣಪ್ಪ. ಇದು ರಾಜುಂದು. ಇದ್ರಲ್ಲಿ ಸುಕ್ರುನ ಮಡಗಕಾಗಲ್ಲ. ಮುಚ್ಚಿ ಬ್ಯಾರೆ ತೋಡ್ಬೇಕು.”

ಈ ಸಲ ಯಾರೂ ನಗಲಿಲ್ಲ. ಲೋಕೇಶ್ ಕಾರಿನ ಬಾಗಿಲು ಹಾಕಿ ನಡೆದು ಬಂದು ಅಪ್ಪನ ಕೆನ್ನೆಗೆ ಹೊಡೆದ. ತಲೆಗೆ ಸುತ್ತಿದ್ದ ಟವೆಲು ಮಣ್ಣಿಗೆ ಬಿತ್ತು.

“ನಿಮ್ಮಪ್ಪನ ಕಾಲ್ದಿಂದ ನಮ್ಮ ಜಮೀನ್ನಲ್ಲಿ ಗುಡ್ಲು ಹಾಕೊಂಡು ಬಿದ್ದಿದ್ದೀಯ. ಸಂಜೀಕೆ ಕಿತ್ತಾಕಿಸ್ತೀನಿ ನೋಡು, ಸೂಳೆಮಗನೆ.”

ಅಪ್ಪ ಟವೆಲು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡ. ಗುಡ್ಲು ಕೀಳುಸಿ, ಬುದ್ಧಿ ಎಂದ, ಬೇರೆಯವರ ಮನೆಯ ವಿಷಯ ಹೇಳುವಂತೆ. ಮತ್ತೆ ಸನಿಕೆ ಹಿಡಿದ. ಕೊನೆಗೆ ಮೇಲ್ಮಣ್ಣನ್ನು ಅಂಗೈಯಿಂದ ಸವರಿ, ತಪ್ಪಾಯಿತು ಎಂದು ಭೂಮಿಗೆ ಪಿಸುಗುಟ್ಟಿದ.

ಅಷ್ಟರಲ್ಲಿ ಕ್ವಾರಿಯ ಜೆಸಿಬಿ ಬಂತು. ಓಡಿಸುತ್ತಿದ್ದವನು ನಮ್ಮ ಕೇರಿಯ ಮುನೇಶ. ಅಪ್ಪನನ್ನು ದೊಡ್ಡಪ್ಪ ಎನ್ನುವವನು. ಅವನು ನಮ್ಮಿಬ್ಬರ ಕಡೆಗೂ ತಿರುಗಲಿಲ್ಲ. ಅಪ್ಪ ಅರ್ಧ ದಿನ ತೆಗೆದುಕೊಂಡದ್ದನ್ನು ಆ ಯಂತ್ರ ಪಕ್ಕದ ನೆಲದಲ್ಲಿ ಐದೇ ನಿಮಿಷದಲ್ಲಿ ಮಾಡಿತು. ನೆಟ್ಟಗಿನ ಅಂಚು, ಬೇಕಾದಷ್ಟು ಆಳ. ಅಪ್ಪ ಅದನ್ನು ಒಬ್ಬ ಕೆಲಸಗಾರ ಇನ್ನೊಬ್ಬನ ಕೆಲಸ ನೋಡುವಂತೆ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಆ ಮುಖ ನೋಡಲು ನನ್ನಿಂದ ಆಗಲಿಲ್ಲ.

ಲೋಕೇಶನ ಇಬ್ಬರು ಆಳುಗಳು ಟಾರ್ಪಾಲಿನ ಎರಡು ತುದಿ ಹಿಡಿದರು. ಅವರು ಎತ್ತುವ ಮೊದಲೇ ಅಪ್ಪ ಗುಂಡಿಗೆ ಇಳಿದ.

“ಬೂಮ್ತಾಯಿ,” ಎಂದ. ಅವನು ಅದನ್ನು ಅಷ್ಟು ಜೋರಾಗಿ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. “ಜಮುನವ್ವನ ಮಗ ಸುಕ್ರು. ಇವ್ನ ಅವ್ವಂಗೇ ಇನ್ನೂ ಗೊತ್ತಿಲ್ಲ. ನಿಂಗೆಂಗೆ ಹೇಳ್ಲಿ?”

ಆಮೇಲೆ ಲೋಕೇಶನ ಕಡೆ ನೋಡಿದ.

“ಆ ತಾಯಿಗೆ ಪೋನ್ ಹೋಗ್ಲಿ ಬುದ್ಧಿ. ಅಮ್ಯಾಕೆ ಮೇಲ್ಕೆ ಬತ್ತೀನಿ.”

ತಗಡಿನ ಶೆಡ್ಡಿನಿಂದ ಒಬ್ಬೊಬ್ಬರೇ ಹೊರಗೆ ಬಂದು ದೂರದಲ್ಲಿ ನಿಂತರು. ಲೋಕೇಶ್ ಅವರನ್ನು ಎಣಿಸುವವನಂತೆ ನೋಡಿದ. ಮುನೇಶನ ಕಡೆ ತಿರುಗಿ, ಮಣ್ಣು ತಳ್ಳು ಎಂದ. ಮುನೇಶ ಕೇಳಿಸದವನಂತೆ ಕೂತಿದ್ದ. ಲೋಕೇಶ್ ಇನ್ನೊಮ್ಮೆ ಹೇಳಿದ, ಈ ಸಲ ಮುನೇಶನ ಹೆಂಡತಿ ಮಕ್ಕಳ ಹೆಸರು ಹಿಡಿದು.

ಮಣ್ಣು ತುಂಬಿದ ಬಕೆಟ್ಟು ಮೇಲೆದ್ದು ಗುಂಡಿಯ ಮೇಲೆ ಬಂದು ನಿಂತಿತು. ಎಂಜಿನ್ನಿನ ನಡುಕಕ್ಕೆ ಅದರ ಹಲ್ಲುಗಳ ಸಂದಿಯಿಂದ ಹೆಂಟೆಗಳು ಒಂದೊಂದೇ ಕಳಚಿ ಅಪ್ಪನ ತಲೆಯ ಮೇಲೆ, ಹೆಗಲ ಮೇಲೆ ಬೀಳುತ್ತಿದ್ದವು. ಅವನು ಕೊಡವಿಕೊಳ್ಳಲಿಲ್ಲ. ಮುನೇಶನ ಕೈ ಲಿವರಿನ ಮೇಲೇ ಇತ್ತು.