ನಲವತ್ತೊಂದು ಉತ್ತರ

ಓದಲು ಕೊಟ್ಟರೆ ಪಾಠದ ಮುಖ ನೋಡದವರು ಜಗಳಕ್ಕಾದರೆ ಎಷ್ಟು ಶ್ರದ್ಧೆಯಿಂದ ಓದುತ್ತಾರೆ ಎಂಬುದು ಕ್ರಾಂತಿಗೆ ಆ ವಾರ ಗೊತ್ತಾಯಿತು.

ಕನ್ನಡ ಕಲಿಸುವ ಸುಕನ್ಯಾ ಮೇಡಂ ಪಾಠವನ್ನು ಮೊಬೈಲಿನ ಆ್ಯಪಿಗೆ ಹಾಕಿದ್ದರು. ಬೇಕಾದ ಸಾಲಿಗೆ ಗೆರೆ ಎಳೆದು ಪಕ್ಕದಲ್ಲಿ ಟಿಪ್ಪಣಿ ಬರೆಯಬೇಕು, ಬೇರೆಯವರು ಅದರ ಕೆಳಗೆ ಉತ್ತರ ಕೊಡಬಹುದು, ಎಲ್ಲವೂ ಇಡೀ ತರಗತಿಗೆ ಕಾಣುತ್ತದೆ. ಟಿಪ್ಪಣಿ ಬರೆದರೂ ಉತ್ತರ ಬರೆದರೂ ಐದು ಅಂಕ. ಮೊದಲು ಎಲ್ಲರೂ 'ಸೂಪರ್ ಮೇಡಂ' ಎಂದು ಗೀಚಿದರು. ಎರಡು ಸಾಲಿಗಿಂತ ಕಡಿಮೆ ಬರೆದವರಿಗೆ ಆ್ಯಪು ಸೊನ್ನೆ ಕೊಟ್ಟಿತು. ಏನು ಬರೆದಿದ್ದಾರೆಂದು ನೋಡುವ ಬುದ್ಧಿ ಅದಕ್ಕಿರಲಿಲ್ಲ.

'ಬಾವಿಕಟ್ಟೆ ಊರಿನವರೆಲ್ಲ ಕೂಡುವ ಜಾಗ' ಎಂಬ ಸಾಲಿಗೆ ಕ್ರಾಂತಿ ಗೆರೆ ಎಳೆದಳು. 'ಎಲ್ಲರೂ ಅಲ್ಲ. ನನ್ನ ಅಜ್ಜಿ ಸುಂಕಮ್ಮ ಶಿವಯೋಗಪ್ಪನವರ ಬಾವಿಕಟ್ಟೆಯ ಕೆಳಗೆ ಕೊಡ ಹಿಡಿದು, ಯಾರಾದರೂ ನೀರು ಹಾಕಲಿ ಎಂದು ಮಧ್ಯಾಹ್ನದವರೆಗೆ ನಿಂತು ಕಾಯುತ್ತಿದ್ದಳು' ಎಂದು ಬರೆದಳು.

ಶಿವಯೋಗಪ್ಪನವರ ಮೊಮ್ಮಗ ಗವಿಸಿದ್ದೇಶ್ ಅದೇ ತರಗತಿಯಲ್ಲಿದ್ದ. ಸುಳ್ಳಿ ಎಂದು ಅವನು ಶುರು ಮಾಡಿದ. ಸ್ಕಾಲರ್‌ಶಿಪ್ ತಿಂದು ಕೊಬ್ಬಿದ್ದಾಳೆ ಎಂದ ಇನ್ನೊಬ್ಬ. ಕೊಟ್ಟೂರು ಬಸ್ಸಿನಲ್ಲಿ ನಿಂತು ಬರುವ ಹುಡುಗರೂ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಬೈದರು. ನಲವತ್ತೊಂದು ಉತ್ತರ! ಅಜ್ಜಿಯ ಹೆಸರಿನ ಕೆಳಗೆ ಅಷ್ಟು ಹೊಲಸು ಕಂಡು ಕ್ರಾಂತಿಗೆ ಮೈ ಉರಿಯಿತು. ಆದರೂ ಒಂದಕ್ಷರ ಅಳಿಸಲಿಲ್ಲ.

ಸೋಮವಾರ ಗವಿಸಿದ್ದೇಶ್ ತರಗತಿಯಲ್ಲಿ ಎದ್ದು ನಿಂತ.

"ಮೇಡಂ, ಅದನ್ನ ತೆಗಸ್ರಿ. ನಮ್ಮಜ್ಜನ ಮರ್ಯಾದಿ ಕಳದಾಳ ಇಕಿ."

ಮೇಡಂ ಪುಕ್ಕಲು ಹೆಂಗಸು. "ತೆಗದುಬಿಡಮ್ಮ ಕ್ರಾಂತಿ. ಸುಮ್ನ ಯಾಕ ಗಲಾಟಿ?"

ಕ್ರಾಂತಿ ಮೊಬೈಲ್ ಹಿಡಿದು ಎದ್ದಳು. "ತೆಗೀತೀನ್ರಿ. ನನ್ನ ಅಂಕ ಹೋದ್ರ ಹೋಗ್ಲಿ. ಆದ್ರ ಟಿಪ್ಪಣಿ ತೆಗದ್ರ ಅದರ ಕೆಳಗಿನ ಉತ್ರ ಎಲ್ಲಾ ಅಳಿಸಿ ಹೋಗ್ತಾವ. ಇವರ ಅಂಕಾನೂ ಹೋಗ್ತಾವ."

ಮೇಡಂ ಆ್ಯಪು ತೆರೆದು ನೋಡಿದರು. ನಿಜವೇ. ಅಂಕಪಟ್ಟಿ ಅಂದೇ ಸಂಜೆ ಹೋಗಬೇಕಿತ್ತು. ಹೆಚ್ಚಿನವರಿಗೆ ಇಡೀ ಪಾಠದಲ್ಲಿ ಅಂಕ ತಂದದ್ದೆಂದರೆ ಆ ಬೈಗುಳವೊಂದೇ.

ಗವಿಸಿದ್ದೇಶ್ ಆಚೆ ಈಚೆ ನೋಡಿದ. "ಇರ್ಲಿ ಬಿಡ್ರಿ ಮೇಡಂ."

"ಮೇಡಂನ ಯಾಕ ಕೇಳ್ತಿ? ಟಿಪ್ಪಣಿ ನಂದು. ನನ್ನ ಕೇಳು."

ಅವನ ಕಿವಿ ಕೆಂಪಾಯಿತು. ಹಿಂದಿನ ಬೆಂಚಿನಿಂದ ಯಾರೋ "ಕೇಳಲೇ" ಎಂದು ಗದರಿದರು.

"ತೆಗೀಬ್ಯಾಡ ಕ್ರಾಂತಿ," ಎಂದ, ನೆಲ ನೋಡುತ್ತ.

"ಕಾಯ್ಕೋಂತ ನಿಂದ್ರು," ಎಂದಳು ಅವಳು. "ಮಧ್ಯಾಹ್ನದ ತನಕ ನೋಡಾಣ."

ಮೊಬೈಲನ್ನು ಚೀಲಕ್ಕೆ ಹಾಕಿ ಕುಳಿತುಕೊಂಡಳು.