ಐದು ಪಾನದ ವೆಬ್‌ಸೈಟ್

ತುಳಸಿ ಲಗ್ನ ಮುಗಿದು ಎರಡು ವಾರವಾಗಿತ್ತು. 2009ನೇ ಇಸವಿ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಹಿಡಿದಿದ್ದವು, ಮದುವೆಗಳೂ ಶುರುವಾಗಿದ್ದವು. ಇಳಿಹೊತ್ತಿನ ನಾಲ್ಕು ಗಂಟೆ. ಚಿಕ್ಕೋಡಿಯ ಒಂದು ಮದುವೆಯಲ್ಲಿ ಅರವತ್ತು ತಲೆಗೆ ಫೇಟಾ, ಅಂದರೆ ರುಮಾಲು, ಸುತ್ತಿ ಕೈ ಸೋತು ಕುಳಿತಿದ್ದ ಜ್ಞಾನದೇವನ ಮೊಬೈಲು ರಿಂಗಣಿಸಿತು. ಮಗಳು ಶುಭಾಂಗಿ.

"ಬಾಬಾ, ಲಗೂನ ಸೆಂಟರಿಗೆ ಬಾ. ಐದು ಪಾನ ಆಗಬೇಕು, ನಾಳೆ ಸರ್ ನೋಡವ್ರದಾರ. ಬಣ್ಣ ಬರವಲ್ದು!"

ವಾಲಗದ ಗದ್ದಲದಲ್ಲಿ ಅವನಿಗೆ ಕೇಳಿಸಿದ್ದು ಸೆಂಟರು, ಐದು ಪಾನ, ಬಣ್ಣ ಬರವಲ್ದು, ಇಷ್ಟೇ. ಬಸ್ ಸ್ಟ್ಯಾಂಡಿನ ಪಾನಪಟ್ಟಿ ಅಂಗಡಿಗೆ ಹೋಗಿ, "ಐದು ಕಟ್ಟಪಾ. ತುಟಿ ಕೆಂಪಗ ಆಗಬೇಕ ನೋಡು, ಬಣ್ಣ ಬರವಲ್ದಂತ" ಎಂದು ಹೇಳಿ, ಪೊಟ್ಟಣ ಹಿಡಿದು ಕಂಪ್ಯೂಟರ್ ಸೆಂಟರಿನ ಮೆಟ್ಟಿಲು ಹತ್ತಿದ.

ಸೆಂಟರಿನ ಯಜಮಾನ ನೇಮಿನಾಥ ಸರ್ ಪೊಟ್ಟಣ ಬಿಚ್ಚಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಜ್ಞಾನದೇವಣ್ಣಾ, ಆಕಿ ಹೇಳಿದ್ದು ಮರಾಠಿ ಪಾನರಿ! ಪುಸ್ತಕದ ಪಾನ!" ಕನ್ನಡ, ಮರಾಠಿ ಎರಡೂ ಬೆರೆಸಿ ಆಡುವ ಊರು. ಪುಟಕ್ಕೂ ಪಾನ, ವೀಳ್ಯಕ್ಕೂ ಪಾನ.

"ತಂದೀರಿ ಅಂದಮ್ಯಾಲ ಹೊತ್ತು ಮುಳುಗೂದರಾಗ ತಿಂದಬಿಡ್ತೀನಿ, ಜೈನರು ನಾವು" ಎಂದು ಸರ್ ಒಂದನ್ನು ಬಾಯಿಗಿಟ್ಟರು. ಪಕ್ಕದ ಕಂಪ್ಯೂಟರಿನಲ್ಲಿ ಕಲಿಯುತ್ತಿದ್ದ ಸುರಜನೂ ಕೈಚಾಚಿದ. "ಕಾಕಾ, ಹಿಂಗ ದಿನಾ ತಪ್ಪ ಕೇಳಸ್ಕೋರಿ."

ಶುಭಾಂಗಿಗೆ ಮಾತ್ರ ನಗು ಬರಲಿಲ್ಲ. ಸರ್ ರಾಯಬಾಗದಲ್ಲಿ ಇನ್ನೊಂದು ಸೆಂಟರು ತೆರೆಯುವವರಿದ್ದರು. ಇಲ್ಲಿ ಕಲಿಯುವ ಪ್ರತಿಯೊಬ್ಬರೂ ತಮ್ಮದೇ ಹೆಸರಿನ, ಐದು ಪುಟದ ವೆಬ್‌ಸೈಟ್ ಮಾಡಬೇಕು. ಯಾರದು ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವರೇ ಅಲ್ಲಿ ಕಲಿಸುವವರು. ಎರಡು ವರ್ಷದಿಂದ ಅವಳು ಕಾದದ್ದು ಇಂಥ ಒಂದು ಕೆಲಸಕ್ಕೆ.

"ತೋರಸು" ಎಂದು ಜ್ಞಾನದೇವ ಸ್ಟೂಲು ಎಳೆದುಕೊಂಡ.

ಕಪ್ಪು ಪರದೆಯ ಮೇಲೆ ನಕ್ಷತ್ರಗಳು ಮಿಣಮಿಣ ಎಂದವು. ಅಕ್ಷರಗಳು ಬಲದಿಂದ ಎಡಕ್ಕೆ ಓಡಿದವು. ಮೂಲೆಗಳಲ್ಲಿ ಗುಲಾಬಿ ಹೂವುಗಳು ಅರಳಿ ಮುಚ್ಚಿದವು. ಎಲ್ಲಿಂದಲೋ ಸನಾದಿ ಮೊಳಗಿತು.

"ನಿನ್ನ ಹೆಸರ ಎಲ್ಲೈತಿ?"

"ಕೆಳಗ ಐತಿ. ಸರಸ್ಬೇಕು."

ಅವನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ಐನಾಪುರದಾಗ ಒಂದ ಲಗ್ನ. ನಾ ಇನ್ನೂ ಹೊಸಬ. ಗಂಡಿನ ಸ್ವಾದರಮಾವನ ತಲಿ ಕಲಗಡಿ ಹಣ್ಣಿನಷ್ಟು. ತನ್ನ ತಲಿಗೆ ಒಪ್ಪೂವಂಗ ಗಂಡಿಗೆ ಸುತ್ತಂದ. ದೊಡ್ಡ ಮನಷ್ಯಾ ಅಂತ ಹಂಗ ಸುತ್ತಿದ್ನಿ. ಅಕ್ಕಿಕಾಳ ಬೀಳೂ ಹೊತ್ತಿಗೆ ಫೇಟಾ ಜಾರಿ ಗಂಡಿನ ಮೂಗಿನ ಮ್ಯಾಲ! ಅವ ಹೆಣ್ಣಿನ ಅವ್ವನ ಕೊಳ್ಳಾಗ ಮಾಲಿ ಹಾಕಾಕ ಹೊಂಟಿದ್ದ."

ಸುರಜನ ಬಾಯಲ್ಲಿದ್ದ ಪಾನ ಕೀಬೋರ್ಡಿಗೆ ಸಿಡಿಯಿತು.

"ಅವತ್ತಿಂದ ಮೊದಲ ತಲಿ ಹಿಡದ ನೋಡ್ತೀನಿ, ಆಮ್ಯಾಲ ಸುತ್ತೂ ಅರಬಿ. ಶುಭಾ, ಇದನ್ನ ಯಾರ ತಲಿಗೆ ಸುತ್ತೀದಿ?"

ಶುಭಾಂಗಿ ಎಣಿಸುತ್ತ ಬೆರಳು ಮಡಚಿದಳು. ನಕ್ಷತ್ರ ಸುರಜನ ಸಲಹೆ. ಓಡುವ ಅಕ್ಷರ ಸರ್‌ಗೆ ಇಷ್ಟ ಅಂತ ಹಾಕಿದ್ದು. ಗುಲಾಬಿ ಗೆಳತಿ ಸಾರಿಕಾಳದು. ಸನಾದಿ ಅಪ್ಪನಿಗಾಗಿ.

"ನಂದೇನೂ ಇಲ್ಲ ಬಾಬಾ!" ಎಂದು ನಕ್ಕಳು. ಆ ಸಂಜೆಯ ಮೊದಲ ನಗು.

ಒಂದೊಂದಾಗಿ ಕಿತ್ತಳು. ಪರದೆ ಬರಿದಾಯಿತು. ಇನ್ನು ಬಣ್ಣ. ಜ್ಞಾನದೇವನ ಕಣ್ಣಿಗೆ ಗುಲಾಲಿ, ಕೇಸರಿ, ಗಿಳಿ ಹಸಿರು ಇವೇ ಬಣ್ಣಗಳು. ಶುಭಾಂಗಿ ಆರಿಸಿದ್ದು ಅವರ ಮನೆಯ ಗೋಡೆಯ ಬಣ್ಣ. ಸುಣ್ಣಕ್ಕೆ ಚಿಟಿಕೆ ನೀಲಿ ಕಲಸಿದಂಥ ಬಿಳಿ. ಮೇಲೆ ದಪ್ಪಗೆ ತನ್ನ ಹೆಸರು, ಅದರ ಕೆಳಗೆ ಐದು ಪುಟಗಳ ದಾರಿ, ಎಡಕ್ಕೆ ಒಂದೇ ಫೋಟೊ. ಬಲಕ್ಕೆ ಬಹಳಷ್ಟು ಜಾಗ ಖಾಲಿ.

ಜ್ಞಾನದೇವನಿಗೆ ಅದು ಲಗ್ನಕ್ಕೆ ಬರಿದಲೆಯಲ್ಲಿ ಬಂದವರ ಹಾಗೆ ಕಾಣುತ್ತಿತ್ತು. "ಆಕಡಿ ಒಂದೀಟು ಕೇಸರಿ…" ಎಂದು ಬಾಯಿ ತೆರೆದವನು ತಡೆದುಕೊಂಡ. ತಲೆ ಅವಳದು. ಉಳಿದ ಪಾನಗಳಲ್ಲೊಂದನ್ನು ಬಾಯಿಗೆ ತುರುಕಿಕೊಂಡ.

"ಏನಂದಿ ಬಾಬಾ?"

"ಊಂಹೂಂ" ಎಂದ, ಬಾಯಿ ತುಂಬ.

ಮರುದಿನ ಹನ್ನೊಂದಕ್ಕೆ ಪರೀಕ್ಷೆ. ಅವತ್ತು ಲಗ್ನವಿಲ್ಲದಿದ್ದರಿಂದ ಜ್ಞಾನದೇವನೂ ಬಾಗಿಲಲ್ಲಿ ನಿಂತಿದ್ದ. ಸರ್ ಮೊದಲು ಸುರಜನ ವೆಬ್‌ಸೈಟ್ ತೆರೆದರು. ಸುರಜ ಹಾರುವ ಗರುಡ ಹಾಕಿದ್ದ. ಚಿಕ್ಕೋಡಿಯ ಇಂಟರ್‌ನೆಟ್ಟು ಆ ಕಾಲಕ್ಕೆ ಎತ್ತಿನ ನಡಿಗೆಯದು. ಐದು ನಿಮಿಷಕ್ಕೆ ಗರುಡನ ಕೊಕ್ಕು ಬಂತು.

"ಏನ್ ಸುರಜ, ಗಿಳಿ ಏನಲೇ ಇದು?"

"ಗರುಡ್ರಿ ಸರ. ಬರಾಕತ್ತೈತ್ರಿ, ಹಿಂದ ಐತಿ."

ಸಾರಿಕಾಳ ಹೂದೋಟದಲ್ಲಿ ನಾಲ್ಕು ಎಲೆ ಚಿಗುರುವಷ್ಟರಲ್ಲಿ ಸರ್ ಒಂದು ಚಹಾ ಕುಡಿದರು.

ಆಮೇಲೆ ಶುಭಾಂಗಿಯ ಹೆಸರು ಒತ್ತಿದರು. ಕೈಯಲ್ಲಿದ್ದ ಕಪ್ಪು ಕೆಳಗಿಡುವ ಮೊದಲೇ ಪುಟ ತೆರೆದು ನಿಂತಿತು. ಸರ್ ಐದೂ ಪುಟ ಓದಿದರು. ಎಲ್ಲಿಯೂ ಹುಡುಕಲಿಲ್ಲ, ಎಲ್ಲಿಯೂ ಕಾಯಲಿಲ್ಲ. ಮತ್ತೆ ಮೊದಲ ಪುಟಕ್ಕೆ ಬಂದರು.

"ಈ ಬಲಗಡಿ ಯಾಕ ಖಾಲಿ ಬಿಟ್ಟೀಯವಾ?"

ಜ್ಞಾನದೇವ ಬಾಗಿಲಿಂದ ಕತ್ತು ಚಾಚಿದ.

"ನನಗ ಹಂಗ ಚಂದ ಅನಸ್ತರಿ ಸರ" ಎಂದಳು ಶುಭಾಂಗಿ. ಸರ್ ಮುಖ ನೋಡಿಯೇ ಹೇಳಿದಳು.

ಸರ್ ಕುರ್ಚಿ ತಿರುಗಿಸಿ ಅವಳನ್ನೇ ನೋಡಿದರು. "ಹಿಂಗ ಗಟ್ಟಿಯಾಗಿ ಹೇಳವ್ರ ಬೇಕು ಕಲಸಾಕ. ರಾಯಬಾಗಕ್ಕ ನೀನ ಹೋಗು."

ಸುರಜ ಸೀಟಿ ಹೊಡೆದ. ಜ್ಞಾನದೇವ ಕೈಯಿಂದ ಮುಖ ಒರೆಸಿಕೊಂಡು, "ನನಗೂ ಚಂದ ಕಾಣಾಕತ್ತೈತಿ ಈಗ" ಎಂದ. "ಸುಳ್ಳ ಹೇಳಬ್ಯಾಡ ಬಾಬಾ" ಎಂದು ಮಗಳು ಅವನ ತೋಳಿಗೆ ಚಿವುಟಿದಳು.

ಮುಂದಿನ ಸೋಮವಾರ, ಮುಂಜಾನೆ ಏಳರ ಬಸ್ಸಿಗೆ, ಶುಭಾಂಗಿ ರಾಯಬಾಗಕ್ಕೆ ಹೋದಳು.